ಪ್ರಸ್ತಾರ, ಮೊತ್ತ, ಗುಣಲಬ್ಧ: ಕನ್ನಡ ಛಂದಸ್ಸಿನ ಗಣರಚನೆಯನ್ನು ಕುರಿತು

‘ಗಣ’ ಎಂಬ ಪದ ಕನ್ನಡದಲ್ಲಿ ಎರಡು ಶಾಸ್ತ್ರಗಳ ಪರಿಭಾಷೆಯಾಗಿ ಬಳಕೆಯಲ್ಲಿದೆ. ಛಂದಸ್ಸಿನಲ್ಲಿ ಅದು ಅಕ್ಷರ, ಮಾತ್ರೆ ಇಲ್ಲವೆ ಅಂಶಗಳ ಗುಂಪು. ಕರ್ನಾಟಕದ ಶಾಲಾ ಗಣಿತಪಠ್ಯಗಳಲ್ಲಿ ಅದು ಯಾವುದೇ ವಸ್ತುಗಳ ಸುನಿಶ್ಚಿತ ಸಮುದಾಯ. ಅದರೊಳಗಿನ ಒಂದೊಂದು ವಸ್ತುವೂ ‘ಗಣಾಂಶ’. ಕನ್ನಡ ಅಧ್ಯಾಪಕರು ‘ಅಂಶಗಣ’ವನ್ನು ಬೋಧಿಸುವ ಹೊತ್ತಿಗೆ ಪಕ್ಕದ ಕೊಠಡಿಯಲ್ಲಿ ಗಣಿತದವರು ‘ಗಣಾಂಶ’ವನ್ನು ಬೋಧಿಸುತ್ತಿರಬಹುದು. ಇದು ಕೇವಲ ಪದಗಳ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ನಾಗವರ್ಮನು ‘ಬ್ರಹ್ಮಗಣ’ ಎಂದಾಗ ಅದು ಒಂದು ಗುರು-ಲಘು ವಿನ್ಯಾಸದ ಹೆಸರಲ್ಲ, ನಾಲ್ಕು ವಿನ್ಯಾಸಗಳ ಸಮುದಾಯದ ಹೆಸರು. ಅಂದರೆ ಗಣಿತದವರ ಅರ್ಥದಲ್ಲಿಯೂ ಅದು ಗಣವೇ. ‘ಮಗಣ’, ‘ಯಗಣ’ಗಳಾದರೋ ಒಂದೊಂದೇ ವಿನ್ಯಾಸಗಳು. ಒಂದೇ ಹೆಸರಿನಡಿಯಲ್ಲಿ ಒಮ್ಮೆ ಸಮುದಾಯವೂ ಒಮ್ಮೆ ಸದಸ್ಯವೂ ನಿಂತಿರುವುದರಿಂದ ನಮ್ಮ ಛಂದೋವಿವೇಚನೆಯಲ್ಲಿ ಕೆಲವು ಪ್ರಶ್ನೆಗಳು ಮಸುಕಾಗಿ ಉಳಿದಿವೆ. ಆಧುನಿಕ ಬೀಜಗಣಿತದಲ್ಲಿ ಗ್ರೂಪ್ ಮತ್ತು ಸದಿಶಾಕಾಶಗಳಿಗೆ ಸಂಬಂಧಿಸಿದ ‘ನೇರ ಮೊತ್ತ’, ‘ನೇರ ಗುಣಲಬ್ಧ’ ಎಂಬ ಎರಡು ಪರಿಕಲ್ಪನೆಗಳನ್ನು ಇಟ್ಟುಕೊಂಡು ಆ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. (ಗ್ರೂಪ್ ಎಂಬುದನ್ನು ‘ಸಮೂಹ’ ಎಂದರೆ ಮತ್ತೆ ಗಣದೊಂದಿಗೆ ಗೊಂದಲವಾಗುವುದರಿಂದ ಆ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಪೂರ್ವಿಕರಿಗೆ ಆಧುನಿಕ ಗಣಿತವೆಲ್ಲ ಗೊತ್ತಿತ್ತೆಂದು ಸಾಧಿಸುವುದು ಈ ಲೇಖನದ ದಾರಿಯಲ್ಲ. ಗ್ರೂಪ್ ಎಂಬ ಕಲ್ಪನೆ 19ನೆಯ ಶತಮಾನದ್ದು; ಟೊಪಾಲಜಿ, ಅಂದರೆ ಸಾಮೀಪ್ಯವನ್ನು ಅಳತೆಗೋಲಿಲ್ಲದೆ ವಿವರಿಸುವ ಶಾಸ್ತ್ರ, ಬಹುಮಟ್ಟಿಗೆ 20ನೆಯ ಶತಮಾನದ್ದು. ನಾಗವರ್ಮನಲ್ಲಿ ಇವನ್ನು ಹುಡುಕುವುದು ಅವನಿಗೂ ಗಣಿತಕ್ಕೂ ಮಾಡುವ ಅನ್ಯಾಯ. ಆದರೆ ಅವನು ಎಣಿಸಿದ್ದನ್ನು ನಾವು ಇಂದಿನ ಭಾಷೆಯಲ್ಲಿ ಮತ್ತೆ ಎಣಿಸಿ ನೋಡಬಹುದು.

ಅಂಶಗಣಗಳ ಪ್ರಸ್ತಾರ ಎಲ್ಲರಿಗೂ ತಿಳಿದದ್ದೇ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಮೊದಲ ಅಂಶ ಒಂದು ಗುರುವಾಗಿರಬಹುದು ಇಲ್ಲವೆ ಎರಡು ಲಘುಗಳಾಗಿರಬಹುದು. ಉಳಿದ ಅಂಶಗಳು ಗುರು ಇಲ್ಲವೆ ಲಘು. ಆದ್ದರಿಂದ ಬ್ರಹ್ಮಗಣದಲ್ಲಿ ಗಗ, ಲಲಗ, ಗಲ, ಲಲಲ ಎಂಬ ನಾಲ್ಕು, ವಿಷ್ಣುವಿನಲ್ಲಿ 8, ರುದ್ರದಲ್ಲಿ 16. ಪ್ರತಿ ಅಂಶದಲ್ಲಿಯೂ ಎರಡು ಆಯ್ಕೆ, ಒಂದರ ಆಯ್ಕೆ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ಗಣಿತದಲ್ಲಿ ಗುಣಲಬ್ಧವೆಂದರೆ ಇದೇ: ಹಲವು ಗಣಗಳಿಂದ ಒಂದೊಂದು ಗಣಾಂಶವನ್ನು ಸ್ವತಂತ್ರವಾಗಿ ಆರಿಸಿ ಸಾಲಾಗಿ ಇಡುವುದು. ನಾಗವರ್ಮನ ‘ಛಂದೋಂಬುಧಿ’ಯಲ್ಲಿ ತ್ರಿಪದಿಗೆ ಹನ್ನೊಂದು ಗಣ, ಆರನೆಯ ಮತ್ತು ಹತ್ತನೆಯ ಸ್ಥಾನದಲ್ಲಿ ಬ್ರಹ್ಮ, ಉಳಿದ ಒಂಬತ್ತರಲ್ಲಿ ವಿಷ್ಣು. ಅಂಶಗಳ ಮೊತ್ತ 9×3 + 2×2 = 31. ಆದ್ದರಿಂದ ತ್ರಿಪದಿಗೆ ಸಾಧ್ಯವಿರುವ ಗುರು-ಲಘು ವಿನ್ಯಾಸಗಳು 2ರ 31ನೆಯ ಘಾತ, ಅಂದರೆ 214,74,83,648. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಇಂದಿನ ಬೀಸುವ ಪದದವರೆಗೆ ಕನ್ನಡಿಗರು ಹಾಡಿದ ತ್ರಿಪದಿಗಳೆಲ್ಲ ಈ 214 ಕೋಟಿಯಲ್ಲಿ ಒಂದು ಸಣ್ಣ ಮೂಲೆಯನ್ನಷ್ಟೇ ತುಂಬಿರುತ್ತವೆ.

ಮೊತ್ತ ಘಾತದಲ್ಲಿ ಕುಳಿತು ಗುಣಲಬ್ಧ ಸಂಖ್ಯೆಯಾಗಿ ಹೊರಬರುವ ಈ ಲೆಕ್ಕ ಪಿಂಗಲನಿಂದಲೂ ಬಂದದ್ದು. ಕನ್ನಡ ನಾಡಿನಲ್ಲಿ ಅದು ಗಣಿತಗ್ರಂಥದೊಳಗೂ ಸೇರಿತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ ಸಂಸ್ಕೃತದ್ದಾದರೂ ಅದರಲ್ಲಿ ಛಂದಸ್ಸಿನ ಪ್ರಸ್ತಾರ, ನಷ್ಟ, ಉದ್ದಿಷ್ಟಗಳಿಗೆ ಜಾಗವಿದೆ. ಶ್ರೀವಿಜಯನ ‘ಕವಿರಾಜಮಾರ್ಗ’ವೂ ಅದೇ ದೊರೆಯ ಆಶ್ರಯದ್ದು. ಆ ದೊರೆಯ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಯಾದಗಿರಿಯಿಂದ ನೇರ ಉತ್ತರಕ್ಕೆ ಕಾಗಿಣಾ ದಂಡೆಯಲ್ಲಿದೆ. ‘ಕವಿರಾಜಮಾರ್ಗ’ವನ್ನು ಕನ್ನಡ ವಿಭಾಗಗಳು ತಮ್ಮದೆಂದು ಭಾವಿಸಿವೆ, ‘ಗಣಿತಸಾರಸಂಗ್ರಹ’ವನ್ನು ಭಾವಿಸಿಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂದಿತು. ಆದರೆ ತೆಲುಗಿನಲ್ಲಿ ಪಾವುಲೂರಿ ಮಲ್ಲನ 11ನೆಯ ಶತಮಾನದಲ್ಲಿಯೇ ಅದನ್ನು ಪದ್ಯಕ್ಕೆ ತಂದಿದ್ದ.

ನಷ್ಟ-ಉದ್ದಿಷ್ಟಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿ ಮರೆಯುವುದೇ ಹೆಚ್ಚು. ಅವುಗಳ ತಿರುಳು ಇಷ್ಟೇ. ವಿಷ್ಣುಗಣದ ಮೂರು ಅಂಶಗಳಿಗೆ 1, 2, 4 ಎಂದು ಬೆಲೆ ಕೊಡಬೇಕು. ಲಘುಪಕ್ಷಕ್ಕೆ ಹೋದ ಅಂಶಗಳ ಬೆಲೆಯನ್ನು ಕೂಡಿಸಿ ಒಂದು ಸೇರಿಸಿದರೆ ಪ್ರಸ್ತಾರದಲ್ಲಿ ಆ ವಿನ್ಯಾಸದ ಕ್ರಮಾಂಕ ದೊರೆಯುತ್ತದೆ. ಗಲಲ ಎಂಬುದಕ್ಕೆ 2+4+1, ಅಂದರೆ ಏಳನೆಯ ಸ್ಥಾನ: ಇದು ಉದ್ದಿಷ್ಟ. ಆರನೆಯದು ಯಾವುದೆಂದು ಕೇಳಿದರೆ, ಒಂದು ಕಳೆದು ಉಳಿದ 5ನ್ನು 1+4 ಎಂದು ಬಿಡಿಸಬೇಕು. ಮೊದಲ ಮತ್ತು ಮೂರನೆಯ ಅಂಶ ಲಘುಪಕ್ಷ, ಅಂದರೆ ಲಲಗಲ: ಇದು ನಷ್ಟ. ಇಲ್ಲಿ ಬಿಡಿಸುವ ಬಗೆ ಒಂದೇ ಒಂದು ಎಂಬುದು ಮುಖ್ಯ. 5ನ್ನು 1, 2, 4ರಿಂದ ಒಂದನ್ನು ಒಮ್ಮೆಗಿಂತ ಹೆಚ್ಚು ಬಳಸದೆ ಬೇರೆ ರೀತಿಯಲ್ಲಿ ಪಡೆಯಲಾಗದು. ಒಂದು ಗ್ರೂಪ್ ತನ್ನೊಳಗಿನ ಉಪಗ್ರೂಪ್‌ಗಳ ‘ನೇರ ಮೊತ್ತ’ ಎನ್ನಿಸಿಕೊಳ್ಳಲು ಬೇಕಾದ ಎರಡು ಶರತ್ತುಗಳು ಇವೇ: ಪ್ರತಿಯೊಂದು ಗಣಾಂಶವೂ ಉಪಗ್ರೂಪ್‌ಗಳಿಂದ ಒಂದೊಂದನ್ನು ತೆಗೆದು ಕೂಡಿಸಿ ದೊರೆಯಬೇಕು, ಹಾಗೆ ದೊರೆಯುವ ಬಗೆ ಒಂದೇ ಇರಬೇಕು. ಗುರುವಿಗೆ 0, ಲಘುಪಕ್ಷಕ್ಕೆ 1 ಎಂದಿಟ್ಟು, ಒಂದಕ್ಕೆ ಒಂದು ಕೂಡಿದರೆ ಸೊನ್ನೆ ಎಂಬ ಕಟ್ಟಳೆ ಮಾಡಿಕೊಂಡರೆ ಬ್ರಹ್ಮಗಣ ನಾಲ್ಕು ಗಣಾಂಶಗಳ ಗ್ರೂಪ್ ಆಗುತ್ತದೆ. ಈ ಸಂಕಲನ ನಾನು ಆರೋಪಿಸುತ್ತಿರುವುದು, ಲಾಕ್ಷಣಿಕರದಲ್ಲ.

ಈ ಗುಣಲಬ್ಧದ ದೃಷ್ಟಿ ಗಡಿಯಾಚೆಗೆ ಹೋದಾಗ ಏನಾಗುತ್ತದೆಂಬುದು ಹೆಚ್ಚು ಸ್ವಾರಸ್ಯಕರ. ಯಾದಗಿರಿ ತಾಲ್ಲೂಕಿನ ಕಡೇಚೂರು, ಸೈದಾಪುರ ಭಾಗದಲ್ಲಿ ತೆಲಂಗಾಣ ದೂರವಿಲ್ಲ. ಕನ್ನಡ-ತೆಲುಗು ಎರಡೂ ಕಿವಿಯ ಮೇಲೆ ಬೀಳುವ ಸೀಮೆ ಇದು. ತೆಲುಗು ದೇಸಿ ಛಂದಸ್ಸಿನಲ್ಲಿ ನಮ್ಮ ಬ್ರಹ್ಮ, ವಿಷ್ಣು, ರುದ್ರಗಳಿಗೆ ಸಂವಾದಿಯಾಗಿ ಸೂರ್ಯ, ಇಂದ್ರ, ಚಂದ್ರ ಗಣಗಳಿವೆ. ಅವುಗಳ ಸಂಖ್ಯೆ 2, 6, 14. ನಮ್ಮಲ್ಲಿ 4, 8, 16 ಇರುವಾಗ ಅಲ್ಲಿ ಎರಡೆರಡು ಕಡಿಮೆ ಎಂದು ಪಠ್ಯಗಳು ಹೇಳಿ ಸುಮ್ಮನಾಗುತ್ತವೆ. ಯಾವ ಎರಡು ಎಂಬುದನ್ನು ನೋಡಬೇಕು. ಸೂರ್ಯಗಣದಲ್ಲಿರುವುದು ಗಲ ಮತ್ತು ಲಲಲ; ಬಿಟ್ಟುಹೋದದ್ದು ಗಗ ಮತ್ತು ಲಲಗ. ಇಂದ್ರದಲ್ಲಿ ಬಿಟ್ಟುಹೋದದ್ದು ಗಗಗ ಮತ್ತು ಲಲಗಗ. ಅಂದರೆ ಪ್ರತಿ ಸಲವೂ ಪ್ರಸ್ತಾರದ ಮೊದಲ ಎರಡು ಸಾಲು: ಮೊದಲ ಅಂಶ ಏನೇ ಇರಲಿ, ಮುಂದಿನವೆಲ್ಲ ಗುರುವೇ ಆಗಿರುವಂಥವು. ಆದ್ದರಿಂದ 2, 6, 14 ಎಂಬುದನ್ನು 2×1, 2×3, 2×7 ಎಂದು ಬರೆಯುವುದು ಸರಿಯಾದ ಕ್ರಮ. ಮೊದಲ ಅಂಶದ ಸ್ವಾತಂತ್ರ್ಯ ತೆಲುಗಿನಲ್ಲಿಯೂ ಪೂರ್ತಿ ಉಳಿದಿದೆ. ಉಳಿದ ಅಂಶಗಳ ನಡುವೆ ಮಾತ್ರ ‘ಕನಿಷ್ಠ ಒಂದಾದರೂ ಲಘು’ ಎಂಬ ಒಪ್ಪಂದ ಏರ್ಪಟ್ಟಿದೆ. ಕನ್ನಡದ ಗಣ ಪೂರ್ಣ ಗುಣಲಬ್ಧ. ತೆಲುಗಿನದು ಮೊದಲ ಕೀಲಿನಲ್ಲಿ ಗುಣಲಬ್ಧ, ಅದರಾಚೆ ಅಲ್ಲ. ಎರಡು ಭಾಷೆಗಳ ಅಂಶಗಣಗಳಿಗೆ ಮೂಲ ಒಂದೇ ಎಂಬ ವಾದಕ್ಕೆ ಮೊದಲ ಅಂಶದ ಈ ಸಮಾನ ನಡವಳಿಕೆ ಬಲವಾದ ಆಧಾರವೆಂದು ನನಗೆ ತೋರುತ್ತದೆ. ಗುರುಬಾಹುಳ್ಯವನ್ನು ಕತ್ತರಿಸಿದ್ದು ತೆಲುಗೋ, ಸೇರಿಸಿಕೊಂಡದ್ದು ಕನ್ನಡವೋ ಎಂಬುದನ್ನು ಈ ಲೆಕ್ಕ ತೀರ್ಮಾನಿಸಲಾರದು.

ಮಾತ್ರಾಗಣಗಳಲ್ಲಿ ಸ್ಥಿತಿ ಬೇರೆ. ಮೂರು ಮಾತ್ರೆಯ ಗಣಕ್ಕೆ 3 ರೂಪ, ನಾಲ್ಕಕ್ಕೆ 5, ಐದಕ್ಕೆ 8. ಇವು ಎರಡರ ಘಾತಗಳಲ್ಲ. ಐದು ಮಾತ್ರೆಯ ಗಣ ಲಘುವಿನಲ್ಲಿ ಮುಗಿದರೆ ಹಿಂದೆ ನಾಲ್ಕು ಮಾತ್ರೆಯ ಗಣವಿರುತ್ತದೆ, ಗುರುವಿನಲ್ಲಿ ಮುಗಿದರೆ ಮೂರು ಮಾತ್ರೆಯದು; ಆದ್ದರಿಂದ 8 = 5+3. ವಿರಹಾಂಕ, ಹೇಮಚಂದ್ರರ ಹೆಸರಿನೊಂದಿಗೆ ಪ್ರಸಿದ್ಧವಾದ ಸರಣಿ ಇದು. ಇಲ್ಲಿ ನಡೆಯುತ್ತಿರುವುದು ಗುಣಾಕಾರವಲ್ಲ, ಒಂದರೊಡನೊಂದು ಬೆರೆಯದ ಎರಡು ಗುಂಪುಗಳ ಕೂಡಿಕೆ. ಗಣದೊಳಗೆ ಮೊತ್ತ, ಗಣ-ಗಣಗಳ ನಡುವೆ ಗುಣಲಬ್ಧ: ಮಾತ್ರಾಛಂದಸ್ಸಿನ ನೇಯ್ಗೆ ಇದು.

ಭಾಮಿನೀ ಷಟ್ಪದಿಯ ಗಿಡ್ಡಸಾಲನ್ನು ತೆಗೆದುಕೊಳ್ಳೋಣ. 3+4+3+4, ಒಟ್ಟು 14 ಮಾತ್ರೆ. ಗಣವಿಭಾಗವನ್ನು ಲೆಕ್ಕಿಸದೆ 14 ಮಾತ್ರೆಗಳ ವಿನ್ಯಾಸಗಳನ್ನು ಎಣಿಸಿದರೆ 610. ಗಣವಿಭಾಗಕ್ಕೆ ಒಪ್ಪುವಂಥವು 3×5×3×5 = 225. ಉಳಿದ 385ರಲ್ಲಿ ಯಾವುದೋ ಒಂದು ಗುರು ಎರಡು ಗಣಗಳ ಗಡಿಯ ಮೇಲೆ ಕಾಲಿಟ್ಟು ನಿಲ್ಲುತ್ತದೆ. ಇನ್ನು ಗಣ ಲಘು-ಗುರುವಿನಿಂದ ಆರಂಭವಾಗಬಾರದೆಂಬ ಸಾಮಾನ್ಯ ನಿಯಮವನ್ನು ಸೇರಿಸಿದರೆ ಮೂರು ಮಾತ್ರೆಯಲ್ಲಿ ಎರಡು, ನಾಲ್ಕರಲ್ಲಿ ನಾಲ್ಕು ರೂಪ ಉಳಿದು 2×4×2×4 = 64 ಸಾಲುಗಳಾಗುತ್ತವೆ.

ಈ 64 ಸಾಲುಗಳನ್ನು 5+5+4 ಎಂದು ಒಡೆಯಲು ಸಾಧ್ಯವೇ ಎಂದು ಕೇಳಿ ನೋಡೋಣ. ಎರಡನೆಯ ಗಣ, ಅಂದರೆ ನಾಲ್ಕು ಮಾತ್ರೆಯದು, ನಡುವೆ ಎರಡು-ಎರಡಾಗಿ ಒಡೆಯಬೇಕು. ನಾಲ್ಕು ಮಾತ್ರೆಯ ಐದು ರೂಪಗಳಲ್ಲಿ ಹಾಗೆ ಒಡೆಯಲಾಗದ್ದು ಲಗಲ, ಅಂದರೆ ಜಗಣ, ಒಂದೇ. ಅದನ್ನು ನಿಯಮ ಮೊದಲೇ ಹೊರಗಿಟ್ಟಿದೆ. ಹಾಗೆ ಒಡೆದು ಜೋಡಿಸಿದ ಐದು ಮಾತ್ರೆಯ ಗಣಗಳಾಗಲಿ ಕೊನೆಯ ನಾಲ್ಕು ಮಾತ್ರೆಯ ಗಣವಾಗಲಿ ಲಘು-ಗುರುವಿನಿಂದ ಆರಂಭವಾಗುವುದೂ ಇಲ್ಲ. ಪರಿಣಾಮವಾಗಿ 64ರಲ್ಲಿ ಒಂದೂ ಬಿಡದೆ ಎಲ್ಲವೂ 5+5+4 ಆಗಿಯೂ ನಿರ್ದುಷ್ಟ ಸಾಲುಗಳೇ. ಗುರು-ಲಘುಗಳ ಚಿಹ್ನೆಗಳನ್ನಷ್ಟೇ ನೋಡಿ ಭಾಮಿನಿಯ ಸಾಲು ಮಿಶ್ರಗತಿಯದೆಂದು ಹೇಳಲು ಸಾಧ್ಯವೇ ಇಲ್ಲ! ಎಲ್ಲ ಛಂದಸ್ಸುಗಳೂ ಹೀಗಿಲ್ಲ. ಭೋಗ ಷಟ್ಪದಿಯ 3+3+3+3ರ ಸಾಲಿಗೆ 16 ವಿನ್ಯಾಸಗಳಿವೆ. ಅವುಗಳಲ್ಲಿ 4+4+4 ಎಂದು ನಿರ್ದುಷ್ಟವಾಗಿ ಒಡೆಯುವಂಥವು ಎರಡನೆಯ ಮತ್ತು ನಾಲ್ಕನೆಯ ಗಣಗಳು ಸರ್ವಲಘುವಾಗಿರುವ ನಾಲ್ಕು ಮಾತ್ರ. ಭೋಗ ತನ್ನ ಗತಿಯನ್ನು ಬಹುಮಟ್ಟಿಗೆ ಅಕ್ಷರಗಳಲ್ಲಿಯೇ ಬರೆದುಕೊಂಡಿದೆ, ಭಾಮಿನಿ ಬರೆದುಕೊಂಡಿಲ್ಲ.

ನೇರ ಮೊತ್ತದ ಪರಿಭಾಷೆ ಉಪಯುಕ್ತವಾಗುವುದು ಇಲ್ಲಿಯೇ. ಉಪಗ್ರೂಪ್‌ಗಳನ್ನು ಮೊದಲೇ ನಿಗದಿಮಾಡಿದ್ದರೆ ಬಿಡಿಸುವ ಬಗೆ ಒಂದೇ. ಆದರೆ ಅದೇ ಗ್ರೂಪ್ ಬೇರೆ ಉಪಗ್ರೂಪ್‌ಗಳ ನೇರ ಮೊತ್ತವೂ ಆಗಿರಬಹುದು. ವಿಭಜನೆ ವಸ್ತುವಿನೊಳಗೆ ಅಡಗಿ ಕುಳಿತ ಗುಣವಲ್ಲ, ವಸ್ತುವಿನ ಜೊತೆಗೆ ಕೊಡಬೇಕಾದ ಬೇರೊಂದು ಮಾಹಿತಿ. ಸೇಡಿಯಾಪು ಕೃಷ್ಣಭಟ್ಟರು ‘ಛಂದೋಗತಿ’ಯಲ್ಲಿ ಗತಿಯನ್ನು ಮಾತ್ರಾಗಣನೆಯಿಂದ ಬೇರ್ಪಡಿಸಿ ವಿಚಾರ ಮಾಡಿದ್ದು ಯಾಕೆ ಅಗತ್ಯವಾಗಿತ್ತೆಂಬುದು 64 ಸಾಲುಗಳ ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಪ್ರಾಸ ಈ ಸ್ವಾತಂತ್ರ್ಯಕ್ಕೆ ಇನ್ನೊಂದು ಬಗೆಯ ಕಡಿವಾಣ. ಭಾಮಿನಿಯ ನಾಲ್ಕು ಗಿಡ್ಡಸಾಲುಗಳಿಗೆ ತಲಾ 64, ಎರಡು ಉದ್ದಸಾಲುಗಳಿಗೆ ತಲಾ 512 ಎಂದು ಗುಣಿಸಿದರೆ 2ರ 42ನೆಯ ಘಾತ ಬರುತ್ತದೆ. ಆದರೆ ಆದಿಪ್ರಾಸದ ವ್ಯಂಜನಕ್ಕೆ ಹಿಂದಿನ ಅಕ್ಷರ ಆರೂ ಸಾಲುಗಳಲ್ಲಿ ಒಂದೇ ತೂಕದ್ದಾಗಿರಬೇಕು. ಮೊದಲ ಗಣ ಗಲ ಇಲ್ಲವೆ ಲಲಲ. ಆರು ಸಾಲೂ ಗಲದಿಂದಲೇ ಅಥವಾ ಆರೂ ಲಲಲದಿಂದಲೇ ಆರಂಭವಾಗಬೇಕು. ಆರು ಸ್ವತಂತ್ರ ಆಯ್ಕೆಗಳ ಜಾಗದಲ್ಲಿ ಒಂದೇ ಉಳಿಯುವುದರಿಂದ 2ರ 42 ಇಳಿದು 2ರ 37 ಆಗುತ್ತದೆ. ಆಗ ಇಡೀ ಪದ್ಯಸಮುದಾಯ ಲಘುಪ್ರಾಸದ್ದು, ಗುರುಪ್ರಾಸದ್ದು ಎಂದು ಎರಡು ಹೋಳುಗಳ ಮೊತ್ತ. ಪ್ರತಿ ಹೋಳೂ ಒಂದೊಂದು ಗುಣಲಬ್ಧ. ಸಿಂಹಪ್ರಾಸ ಮೊದಲನೆಯ ಹೋಳಿಗೆ, ಗಜ, ವೃಷಭ, ಅಜ, ಶರಭ, ಹಯ ಐದೂ ಎರಡನೆಯದಕ್ಕೆ ಸೇರುತ್ತವೆ. ಶಿಥಿಲದ್ವಿತ್ವದ ಮಾತು ಬೇರೆ.

ಇಲ್ಲಿಯವರೆಗಿನದೆಲ್ಲ ಸಾಂತ, ಅಂದರೆ ಕೊನೆಯುಳ್ಳದ್ದು. ಘಟಕಗಳು ಎಣಿಸಿ ಮುಗಿಯುವಷ್ಟಿದ್ದಾಗ ನೇರ ಮೊತ್ತಕ್ಕೂ ನೇರ ಗುಣಲಬ್ಧಕ್ಕೂ ವ್ಯತ್ಯಾಸವಿಲ್ಲ. ಅವು ಅಗಲುವುದು ಘಟಕಗಳು ಅನಂತವಾದಾಗ. ಕನ್ನಡದಲ್ಲಿ ಅದಕ್ಕೆ ಒಪ್ಪುವ ಉದಾಹರಣೆ ರಗಳೆ. ಪಾದಸಂಖ್ಯೆಗೆ ಮಿತಿಯಿಲ್ಲ ಎಂಬುದೇ ಅದರ ಲಕ್ಷಣ. ಮಂದಾನಿಲ ರಗಳೆಯ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಜಗಣ ಬಿಟ್ಟರೆ 256 ವಿನ್ಯಾಸ. ಇದಕ್ಕೆ ‘ಮೌನ’ ಎಂಬ ಬರಿಸಾಲನ್ನೂ ಸೇರಿಸಿ ಅದನ್ನು ಸೊನ್ನೆಯೆಂದು ಭಾವಿಸೋಣ. ಮೊದಲ ಸಾಲು, ಎರಡನೆಯ ಸಾಲು, ಹೀಗೆ ಕೊನೆಯಿಲ್ಲದೆ ಪ್ರತಿ ಸ್ಥಾನಕ್ಕೂ ಒಂದೊಂದನ್ನು ಆರಿಸಿದರೆ ದೊರೆಯುವುದು ಗುಣಲಬ್ಧ. ಅವುಗಳಲ್ಲಿ ಒಂದು ಹಂತದ ಆಚೆಗೆ ಎಲ್ಲವೂ ಮೌನವೇ ಆಗಿರುವಂಥವನ್ನು ಮಾತ್ರ ಹೆಕ್ಕಿದರೆ ನೇರ ಮೊತ್ತ. ಹರಿಹರ ಎಷ್ಟೇ ದೀರ್ಘವಾಗಿ ಬರೆದರೂ ಅವನ ರಗಳೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಆದ್ದರಿಂದ ಬರೆದ, ಬರೆಯಬಹುದಾದ ರಗಳೆಗಳೆಲ್ಲ ಮೊತ್ತದೊಳಗಿನವು. ರಗಳೆಯ ಲಕ್ಷಣ ಮಾತ್ರ ಗುಣಲಬ್ಧದ ಕಡೆ ಮುಖಮಾಡಿದೆ. ಎರಡರ ಗಾತ್ರದಲ್ಲಿ ಅಜಗಜಾಂತರ: ಮೊತ್ತದಲ್ಲಿರುವವನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಪಟ್ಟಿಮಾಡಬಹುದು, ಗುಣಲಬ್ಧದಲ್ಲಿರುವವನ್ನು ಹಾಗೆ ಪಟ್ಟಿಮಾಡಲಾಗದೆಂಬುದನ್ನು ಕ್ಯಾಂಟರ್ 1891ರಲ್ಲಿ ಕಂಡುಹಿಡಿದ ಕರ್ಣವಾದ ತೋರಿಸುತ್ತದೆ.

ಇಷ್ಟಾದರೂ ಅವು ದೂರದವಲ್ಲ. ಎರಡು ರಗಳೆಗಳು ಮೊದಲ ನೂರು ಸಾಲುಗಳಲ್ಲಿ ಒಂದೇ ಆಗಿದ್ದರೆ ಅವು ಹತ್ತಿರ, ಸಾವಿರದಲ್ಲಿ ಒಂದೇ ಆಗಿದ್ದರೆ ಇನ್ನೂ ಹತ್ತಿರ ಎಂದುಕೊಂಡರೆ ಅದೇ ಗುಣಲಬ್ಧದ ಸಹಜ ಟೊಪಾಲಜಿ. ಕೊನೆಯಿಲ್ಲದ ಯಾವುದೇ ರಗಳೆಯನ್ನು ಕೊಡಿ, ನೂರನೆಯ ಸಾಲಿಗೆ ಕತ್ತರಿಸಿ ಮುಂದೆ ಮೌನವಿಟ್ಟರೆ ಅದಕ್ಕೆ ಹತ್ತಿರದ ಒಂದು ಮುಗಿಯುವ ರಗಳೆ ಸಿಗುತ್ತದೆ. ಹೀಗೆ ಮೊತ್ತ ಗುಣಲಬ್ಧದ ತುಂಬ ಸಾಂದ್ರವಾಗಿ ಹರಡಿಕೊಂಡಿದೆ. ಸಾಮೀಪ್ಯದ ಕಟ್ಟಳೆಯನ್ನು ಬಿಗಿಮಾಡಿ ಎಲ್ಲ ಸಾಲುಗಳೂ ಒಟ್ಟಿಗೆ ಒಪ್ಪಬೇಕೆಂದರೆ ಯಾವ ರಗಳೆಯೂ ಯಾವುದಕ್ಕೂ ಹತ್ತಿರವಾಗದು. ಯಾವ ಸಾಮೀಪ್ಯ ಎಂಬುದು ಆಯ್ಕೆಯ ಪ್ರಶ್ನೆ.

ಟೊಪಾಲಜಿ ಸೇರಿದ ಮೇಲೆ ನೇರ ಮೊತ್ತಕ್ಕೆ ಮೂರನೆಯ ಶರತ್ತೂ ಸೇರುತ್ತದೆ: ಬಿಡಿಸುವ ಕ್ರಿಯೆ ಸಾಮೀಪ್ಯವನ್ನು ಕೆಡಿಸಬಾರದು. ಹತ್ತಿರದ ಎರಡು ವಸ್ತುಗಳನ್ನು ಬಿಡಿಸಿದಾಗ ಅವುಗಳ ತುಂಡುಗಳೂ ಹತ್ತಿರವಿರಬೇಕು. ಇದು ಔಪಚಾರಿಕ ಶರತ್ತಲ್ಲ. ಮಿತಿಯುಳ್ಳ ಸಂಖ್ಯಾಶ್ರೇಢಿಗಳ ಸದಿಶಾಕಾಶದಲ್ಲಿ ಸೊನ್ನೆಯ ಕಡೆ ಸಾಗುವ ಶ್ರೇಢಿಗಳದ್ದೊಂದು ಉಪಾಕಾಶವಿದೆ. ಬರಿಯ ಬೀಜಗಣಿತದಲ್ಲಿ ಅದಕ್ಕೆ ಜೊತೆಯಾಗುವ ಇನ್ನೊಂದು ಉಪಾಕಾಶ ಯಾವಾಗಲೂ ಸಿಗುತ್ತದೆ, ಸಾಮೀಪ್ಯವನ್ನು ಕಾಯುವ ಜೊತೆ ಮಾತ್ರ ಇಲ್ಲವೇ ಇಲ್ಲ. ಫಿಲಿಪ್ಸ್ 1940ರಲ್ಲಿ ಸಾಧಿಸಿದ ಸಂಗತಿ ಇದು. ಲೆಕ್ಕದಲ್ಲಿ ಒಡೆಯುವುದು, ರಚನೆ ಕೆಡದಂತೆ ಒಡೆಯುವುದು ಎರಡೂ ಒಂದಲ್ಲ. 5+5+4 ಎಂಬ ಒಡೆತ ಲೆಕ್ಕಕ್ಕೆ ಒಪ್ಪಿಯೂ ಭಾಮಿನಿಯನ್ನು ಬಲ್ಲ ಕಿವಿಗೆ ಒಗ್ಗುವುದಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಉಚಿತವಲ್ಲ.

ಇದರ ಪ್ರಾಯೋಗಿಕ ಪರಿಣಾಮವೊಂದಿದೆ. ಹಾಡುಗಬ್ಬವನ್ನು ನಾವು ಬಹುಕಾಲ ಬರಿಯ ಅಕ್ಷರಗಳಲ್ಲಿ ಸಂಗ್ರಹಿಸಿದ್ದೇವೆ. ಅಂಶಗಣದ ತ್ರಿಪದಿಯಲ್ಲಿ ಲಘುವೊಂದು ಕರ್ಷಣದಿಂದ ಗುರುವಿನಷ್ಟು ಎಳೆದುಕೊಳ್ಳುತ್ತದೆ. ಆಗ 2ರ 31ರಷ್ಟು ವಿನ್ಯಾಸಗಳಲ್ಲಿ ಬೇರೆಬೇರೆಯಾಗಿ ಕಾಣುವ ಎಷ್ಟೋ ರೂಪಗಳು ಹಾಡಿನಲ್ಲಿ ಒಂದೇ ಆಗಿಬಿಡುತ್ತವೆ. ಅಕ್ಷರರೂಪದ ಪಠ್ಯವನ್ನು ಗಣಕಯಂತ್ರಕ್ಕೆ ಕೊಟ್ಟು ಛಂದಸ್ಸನ್ನು ಗುರುತಿಸುವ ಕೆಲಸ ಈಗ ಸುಲಭವಾಗಿದೆ. ಯಂತ್ರ ಗುರು-ಲಘುಗಳನ್ನು ತಪ್ಪಿಲ್ಲದೆ ಹಾಕಬಹುದು, 64 ಸಾಲುಗಳ ಮುಂದೆ ಅದು ನಿರುತ್ತರ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ, ಅದರಲ್ಲೂ ಕಡೇಚೂರಿನಂಥ ಗಡಿಭಾಗದ ಊರುಗಳಲ್ಲಿ, ಹಾಡುಗಳನ್ನು ಸಂಗ್ರಹಿಸುವವರು ಧ್ವನಿಮುದ್ರಣದ ಜೊತೆಗೆ ಹಾಡುಗಾರ್ತಿ ಎಲ್ಲಿ ಉಸಿರು ತೆಗೆದುಕೊಂಡಳು, ಯಾವ ಅಕ್ಷರವನ್ನು ಎಳೆದಳು, ಬೀಸುವ ಕಲ್ಲಿನ ಸುತ್ತು ಎಲ್ಲಿ ಮುಗಿಯಿತು ಎಂಬುದನ್ನು ಸಾಲುಸಾಲಿಗೆ ಗುರುತಿಸಬೇಕು. ಮೊದಲ ಅಂಶ ಬಿಟ್ಟು ಉಳಿದವೆಲ್ಲ ಗುರುವಾಗಿರುವ ಗಣಗಳು ಆ ಹಾಡುಗಳಲ್ಲಿ ಎಷ್ಟು ಸಲ ಬರುತ್ತವೆ ಎಂಬುದನ್ನು ಬೇರೆಯಾಗಿಯೇ ಎಣಿಸಬೇಕು. ಕನ್ನಡದ 4, 8, 16 ಮತ್ತು ತೆಲುಗಿನ 2, 6, 14ರ ನಡುವಣ ಗೆರೆ ನೆಲದ ಮೇಲೆ ಎಲ್ಲಿ ಹಾದುಹೋಗುತ್ತದೆಂಬುದಕ್ಕೆ ಆ ಎಣಿಕೆಯಿಂದಲೇ ಉತ್ತರ ಸಿಗಬೇಕಾಗಿದೆ.